ಪಂಚಾಂಗ ನೋಡದೆ ವಿಲ್ಲಾ ಬುಕ್ ಮಾಡಿದ ಕಥೆ

ಗೇಟು ದಾಟಿ ವಿಲ್ಲಾದೊಳಗೆ ಕಾಲಿಟ್ಟಾಗ ಸಂಜೆ ನಾಲ್ಕು ಗಂಟೆ. ಲಗೇಜು ಅಲ್ಲೇ ಬಿಟ್ಟು ಎಲ್ಲರೂ ಈಜುಕೊಳದ ಅಂಚಿಗೆ ಓಡಿದೆವು. ಎದುರಿಗೆ ಸಮುದ್ರವೇ ಇರಲಿಲ್ಲ! ಫೋಟೋದಲ್ಲಿ ಮೆಟ್ಟಿಲಿಗೆ ಬಡಿಯುತ್ತಿದ್ದ ನೀಲಿ ನೀರಿನ ಜಾಗದಲ್ಲಿ ಬೂದು ಬಣ್ಣದ ಕೆಸರು, ಅದರಲ್ಲಿ ಓರೆಯಾಗಿ ಕೂತ ಎರಡು ದೋಣಿ. ನೀರು ದೂರದಲ್ಲಿ ಒಂದು ಗೆರೆಯಾಗಿ ಮಿನುಗುತ್ತಿತ್ತು. ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಇಷ್ಟು ದುಡ್ಡು ಕೊಟ್ಟು ಗದ್ದೆ ನೋಡ್ಲಿಕ್ಕೆ ಬಂದದ್ದಾ ಮಾರಾಯ?" ಎಂದರು. ಭಾವ ನನ್ನ ಮುಖ ನೋಡಲಿಲ್ಲ, ಅದು ಅವರ ದೊಡ್ಡತನ. ತಿಂಗಳುಗಟ್ಟಲೆ ಕೂತು ಈ ಜಾಗ ಹುಡುಕಿದ್ದು ನಾನೇ.

ಜಾಗ ಥಾಯ್ಲೆಂಡಿನ ಕೋ ಯಾವ್ ನೋಯಿ. ಕೋ ಎಂದರೆ ದ್ವೀಪ, ಯಾವ್ ಎಂದರೆ ಉದ್ದ, ನೋಯಿ ಎಂದರೆ ಸಣ್ಣದು. ಪಕ್ಕದಲ್ಲೇ ಅದರ ಅಣ್ಣ ಕೋ ಯಾವ್ ಯಾಯ್ ಇದ್ದಾನೆ. ಫುಕೆಟ್ ಒಂದು ಕಡೆ, ಕ್ರಾಬಿ ಇನ್ನೊಂದು ಕಡೆ, ನಡುವೆ ಫಂಗ್‌ಙಾ ಕೊಲ್ಲಿಯಲ್ಲಿ ಈ ಎರಡು ದ್ವೀಪ. ಫುಕೆಟ್ಟಿನ ಗಲಾಟೆಯಿಂದ ಮೋಟಾರು ದೋಣಿಯಲ್ಲಿ ಅರ್ಧ ಗಂಟೆ ಅಷ್ಟೆ. ಆದರೆ ಇಲ್ಲಿ ಪಬ್ಬುಗಳ ಸಾಲಿಲ್ಲ, ಬಹುಮಹಡಿ ಹೋಟೆಲಿಲ್ಲ. ಹೆಚ್ಚಿನವರು ಮುಸಲ್ಮಾನರು. ಮೀನುಗಾರಿಕೆ, ರಬ್ಬರು, ಸ್ವಲ್ಪ ಗದ್ದೆ, ಅದರ ಮೇಲೆ ಈಗ ಪ್ರವಾಸಿಗಳು. ಹಾಗೆಂದೇ ಆರಿಸಿದೆ. ಮಾಲ್ಡೀವ್ಸಿನಲ್ಲಾದರೆ ಹೆಚ್ಚಾಗಿ ರಿಸಾರ್ಟೇ ದ್ವೀಪ. ಹೊರಗೆ ಕಾಲಿಟ್ಟರೆ ನೀರು. ಅಮ್ಮನಿಗೆ ಆರು ದಿನ ಹಾಗೆ ಕೂರಲು ಆಗುವುದಿಲ್ಲ, ಅವರಿಗೆ ಊರು ಬೇಕು.

ನಾವು ಆರು ಜನ: ನಾನು, ಹೆಂಡತಿ, ಅಮ್ಮ, ತಂಗಿ, ಭಾವ, ಕಾಲೇಜಿಗೆ ಹೋಗುವ ಅವರ ಮಗಳು ಅಂದರೆ ನನ್ನ ಸೊಸೆ. ಮೂರು ಕೋಣೆ, ಸ್ವಂತ ಈಜುಕೊಳ, ಅಡುಗೆಮನೆ ಇರುವ ವಿಲ್ಲಾಕ್ಕೆ ರಾತ್ರಿಗೆ 19,000 ಬಾತ್. ಬಾತಿಗೆ ಮೂರು ರೂಪಾಯಿ ಹಿಡಿದರೆ 57,000 ರೂಪಾಯಿ, ತಲೆಗೆ 9,500. ಇಬ್ಬರೇ ಹೋಗುವವರಿಗೆ ಇದು ಹುಚ್ಚು. ಎರಡು ಸಂಸಾರ ಸೇರಿದರೆ ಒಳ್ಳೆಯ ಹೋಟೆಲಿನ ರೇಟಿಗೇ ಬರುತ್ತದೆ, ಮೇಲೆ ಅಡುಗೆಮನೆ ಸಿಗುತ್ತದೆ. ಆ ಅಡುಗೆಮನೆಯ ಬೆಲೆ ಶುದ್ಧ ಸಸ್ಯಾಹಾರಿ ತಾಯಿಯನ್ನು ಕರೆದುಕೊಂಡು ಹೋದವರಿಗೇ ಗೊತ್ತು.

ಇನ್ನು ಆ ಕೆಸರಿನ ವಿಷಯ. ಮಂಗಳೂರು ಕಡೆ ಕಡಲು ನೋಡಿಯೇ ಬೆಳೆದವನು ನಾನು. ಆದರೂ ಉಬ್ಬರ-ಇಳಿತದ ಲೆಕ್ಕ ಹಾಕಬೇಕೆಂದು ತಲೆಗೇ ಹೋಗಲಿಲ್ಲ. ನಮ್ಮಲ್ಲಿ ಎರಡರ ನಡುವಿನ ವ್ಯತ್ಯಾಸ ಒಂದೂವರೆ ಮೀಟರ್ ದಾಟುವುದೇ ಅಪರೂಪ, ಜೊತೆಗೆ ತೀರ ಇಳಿಜಾರು. ಇಲ್ಲಿ ಹುಣ್ಣಿಮೆ-ಅಮಾವಾಸ್ಯೆಗೆ ಅದು ಮೂರು ಮೀಟರಿನ ಆಸುಪಾಸು, ಕೊಲ್ಲಿಯ ತಳ ಚಪ್ಪಟೆ. ನೀರು ಇಳಿದರೆ ಇಳಿಯುವುದಲ್ಲ, ಹೊರಟೇ ಹೋಗುತ್ತದೆ. ನಾವು ತಲುಪಿದ್ದು 2026ರ ಜನವರಿ 2ಕ್ಕೆ. ಮಾರನೇ ದಿನ ಬನದ ಹುಣ್ಣಿಮೆ, ಅದೂ ಚಂದ್ರ ಭೂಮಿಗೆ ಹತ್ತಿರ ಬಂದಿದ್ದ ಸೂಪರ್‌ಮೂನ್. ಇದಕ್ಕಿಂತ ಕೆಟ್ಟ ದಿನವನ್ನು ಹುಡುಕಿದರೂ ಸಿಗುತ್ತಿರಲಿಲ್ಲ. ಬಾಡಿಗೆಗೆ ಕೊಟ್ಟವರ ಫೋಟೋಗಳೆಲ್ಲ ಉಬ್ಬರದ ಹೊತ್ತಿನಲ್ಲೇ ತೆಗೆದವು. ಸುಳ್ಳು ಅನ್ನುವ ಹಾಗಿಲ್ಲ, ಅರ್ಧ ಸತ್ಯ.

ನೋಟ್‌ಬುಕ್ಕಿನಲ್ಲಿ ದಿನಾ ಹೊತ್ತು ಬರೆದಿಟ್ಟೆ. ಹುಣ್ಣಿಮೆಯ ದಿನ ಬೆಳಗ್ಗೆ ಹತ್ತೂವರೆ ಸುಮಾರಿಗೆ ನೀರು ಮೆಟ್ಟಿಲ ತನಕ, ಸಂಜೆ ನಾಲ್ಕೂವರೆಗೆ ಕೆಸರು. ದಿನಕ್ಕೆ ಮುಕ್ಕಾಲು ಗಂಟೆ ಚಿಲ್ಲರೆ ಮುಂದಕ್ಕೆ ಹೋಗುತ್ತದೆ. ಹೊರಡುವ ಮುಂಚಿನ ದಿನ ಮಧ್ಯಾಹ್ನ ಊಟ ಮುಗಿಸಿ ಎದ್ದಾಗಲೂ ಸಮುದ್ರ ಅಂಗಳದಲ್ಲೇ ಇತ್ತು. ಸಂಜೆ ಈಜುವ ಆಸೆಯಿದ್ದವರು ಅಷ್ಟಮಿ-ನವಮಿಯ ಆಸುಪಾಸು ಬುಕ್ ಮಾಡಿ. ಆಗ ಇಳಿತವೂ ಕಡಿಮೆ, ಸಂಜೆಗೆ ನೀರೂ ಇರುತ್ತದೆ. ಗೋಡೆಯ ಕ್ಯಾಲೆಂಡರ್ ಸಾಕು. ಹಾಗೆಯೇ ಸುಣ್ಣಕಲ್ಲಿನ ಗುಡ್ಡಗಳು ಕಾಣುವುದು ಪೂರ್ವ ದಡಕ್ಕೆ. ಪಶ್ಚಿಮ ದಡ ಫುಕೆಟ್ ಕಡೆಗೆ, ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡೇ ಹೆಚ್ಚು.

ಆದರೆ ಆ ಕೆಸರೇ ನಮ್ಮನ್ನು ಗೆದ್ದಿತು ಅನ್ನಬೇಕು. ಎರಡನೇ ಸಂಜೆ ಮನೆ ನೋಡಿಕೊಳ್ಳುವ ಹೆಂಗಸು ಬುಟ್ಟಿ ಹಿಡಿದು ಇಳಿದಳು. ಅವಳನ್ನು ನಾವು 'ಪೀ' ಎನ್ನುತ್ತಿದ್ದೆವು. ಅಲ್ಲಿ ಅಕ್ಕನಿಗೂ ಅಣ್ಣನಿಗೂ ಅದೇ ಮಾತು. ತಂಗಿ, ಸೊಸೆ ಹಿಂದೆಯೇ ಹೋದರು. ಕಬ್ಬಿಣದ ಸಣ್ಣ ಕೊಕ್ಕೆಯಿಂದ ಕೆರೆದು ಕೆರೆದು ಮರುವಾಯಿಯಂಥ ಚಿಪ್ಪು ತೆಗೆಯುತ್ತಾಳೆ, ಉಗುರಿನಿಂದ ತಟ್ಟಿ ಸದ್ದು ಕೇಳುತ್ತಾಳೆ, ಸತ್ತದ್ದನ್ನು ಹಿಂದಕ್ಕೆ ಎಸೆಯುತ್ತಾಳೆ. ದಡದ ಮರಳಿನ ಮೇಲೆ ಪುಟ್ಟ ಏಡಿಗಳು ಕಡಲೆಕಾಳಿಗಿಂತ ಚಿಕ್ಕ ಮರಳುಂಡೆ ಮಾಡಿ ಬಿಲದ ಸುತ್ತ ಇಡುತ್ತಾ ಹೋಗಿದ್ದವು. ನೋಡಲು ಥೇಟ್ ಚುಕ್ಕಿ ರಂಗೋಲಿ. ಅಮ್ಮ ಅದನ್ನು ತುಳಿಯದೆ ಸುತ್ತು ಹಾಕಿ ಬಂದರು.

ಅಡುಗೆಗೆ ಸಾರಿನ ಪುಡಿ, ಬೇಳೆ, ಹಪ್ಪಳ ಕೊಂಡುಹೋಗಿದ್ದೆವು. ತೆಂಗಿನಕಾಯಿ, ಬಾಳೆಕಾಯಿ, ಅಲಸಂಡೆ ಅಲ್ಲೇ ಸಿಕ್ಕಿತು. ಹೊರಗೆ ತಿನ್ನುವಾಗ 'ಜೇ' ಎನ್ನಿ, ಅದು ಅವರ ಕಟ್ಟಾ ಸಸ್ಯಾಹಾರ. ಜೊತೆಗೆ 'ಮೈ ಸೈ ನಾಂ ಪ್ಲಾ' ಎಂದರೆ ಮೀನಿನ ಸಾಸ್ ಹಾಕಬೇಡಿ ಎಂದು. ತರಕಾರಿ ಅಂತ ತಂದುಕೊಟ್ಟ ತಟ್ಟೆಯಲ್ಲೂ ಅದು ಇರುತ್ತದೆ. ಸಿಗಡಿ ಅರೆದು ಮಾಡುವ 'ಕಪಿ' ಎಂಬ ಪೇಸ್ಟಿನ ಮೇಲೂ ಕಣ್ಣಿರಲಿ. ಬೆಳಗಿನ ರೊಟ್ಟಿ ಅಂಗಡಿ ಮಾತ್ರ ನಮ್ಮದೇ: ಹಿಟ್ಟನ್ನು ಬಡಿದು ಗಾಳಿಯಲ್ಲಿ ತಿರುಗಿಸಿ ಬಾಳೆಹಣ್ಣು ಸುತ್ತಿ ಕೊಡುತ್ತಾರೆ. ಮೊಟ್ಟೆ ಬೇಡ ಎಂದು ಮೊದಲೇ ಹೇಳಬೇಕು.

ಹೊರಡುವ ಮುಂಚೆ ಥಾಯ್ಲೆಂಡಿನ ಡಿಜಿಟಲ್ ಆಗಮನ ಕಾರ್ಡು ತುಂಬಬೇಕು. 2025ರ ಮೇ 1ರಿಂದ ಕಡ್ಡಾಯ, ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ. ಅದು ಉಚಿತ. ದುಡ್ಡು ಕೇಳುವ ಜಾಲತಾಣ ಸಿಕ್ಕಿದರೆ ಅದು ಸರ್ಕಾರದ್ದಲ್ಲ. ಫುಕೆಟ್ಟಿಗೆ ಮಧ್ಯಾಹ್ನದೊಳಗೆ ಇಳಿಯುವ ವಿಮಾನ ಹಿಡಿಯಿರಿ. ದ್ವೀಪಕ್ಕೆ ದೋಣಿ ಹೊರಡುವುದು ಬಾಂಗ್ ರೋಂಗ್ ಧಕ್ಕೆಯಿಂದ, ಕತ್ತಲಾದ ಮೇಲೆ ಇಲ್ಲ. ದ್ವೀಪದಲ್ಲಿ ಎದುರುಬದುರು ಬೆಂಚಿನ ಪಿಕಪ್ಪು ಗಾಡಿಯೇ ಟ್ಯಾಕ್ಸಿ. ಭಾವ ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡರು, ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡೇ ಬಂದಿದ್ದರು. ಊರೊಳಗೆ ಹೋಗುವಾಗ ಮೈ ತುಂಬ ಬಟ್ಟೆ ಹಾಕಿಕೊಳ್ಳಿ. ಯಾರೂ ಏನೂ ಹೇಳುವುದಿಲ್ಲ, ಅದಕ್ಕೇ.

ಒಂದು ಇಡೀ ದಿನ ಉದ್ದ ಬಾಲದ ದೋಣಿ ಗೊತ್ತುಮಾಡಿದೆವು, 2,500 ಬಾತ್. ಎಂಟಕ್ಕೆ ಹೊರಡೋಣ ಎಂದರೆ ದೋಣಿಯವ ಒಪ್ಪಲಿಲ್ಲ. ಒಂಬತ್ತೂವರೆಗೇ ಹೊರಡಿಸಿದ. ಕಾರಣ ಆಮೇಲೆ ತಿಳಿಯಿತು. ಕೋ ಹೋಂಗ್ ದ್ವೀಪದ ಹೊಟ್ಟೆಯೊಳಗೆ ಒಂದು ಹಸಿರು ಕೊಳವಿದೆ, ಸುತ್ತ ಕಡಿದಾದ ಬಂಡೆ, ಒಳಗೆ ಹೋಗಲು ಒಂದೇ ಸಂದು. ನೀರು ಏರಿದಾಗ ಮಾತ್ರ ದೋಣಿ ಹೋಗುತ್ತದೆ. ಅವನು ಎಂಜಿನ್ ನಿಲ್ಲಿಸಿ ಬಿದಿರಿನ ಗಳದಿಂದ ನೂಕಿದ. ಆರು ಜನರಲ್ಲಿ ಒಬ್ಬರೂ ಮಾತಾಡಲಿಲ್ಲ, ನಮ್ಮ ಸಂಸಾರದಲ್ಲಿ ಅದು ದೊಡ್ಡ ಸುದ್ದಿ.

ವಿಲ್ಲಾದ ಹಿಂದೆ ರಬ್ಬರ್ ತೋಟ. ಮೊದಲ ದಿನವೇ ಗಾಳಿಯಲ್ಲಿ ಆ ಹುಳಿ ವಾಸನೆ ಬಂದಾಗ ಸೊಸೆ ಮೂಗು ಮುಚ್ಚಿಕೊಂಡಳು, ಅಮ್ಮ ಮಾತ್ರ ನಕ್ಕರು. ಸುಳ್ಯದ ನಮ್ಮ ತೋಟದಲ್ಲಿ ಶೀಟು ಒಣಗಿಸಿದ ಕೈ ಅದು. ನಾಲ್ಕನೇ ದಿನ ನಸುಕಿನಲ್ಲಿ ತಲೆಗೆ ದೀಪ ಕಟ್ಟಿಕೊಂಡ ಮುದುಕನೊಬ್ಬ ಟ್ಯಾಪಿಂಗ್ ಮಾಡುತ್ತಿದ್ದ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೇಲಿಯ ಬಳಿ ನಿಂತರು, ನಾನು ಚಹಾದ ಲೋಟ ಹಿಡಿದು ಹಿಂದೆ. ಮರಕ್ಕೆ ಕಟ್ಟಿದ್ದು ಗೆರಟೆ, ನಮ್ಮಲ್ಲಿಯ ಹಾಗೆಯೇ. ಅಮ್ಮ ಕೈಸನ್ನೆ ಮಾಡಿ ಕತ್ತಿ ಕೇಳಿದರು. ಅವನು ಅವರ ಸೀರೆ ನೋಡಿದ, ನನ್ನ ಮುಖ ನೋಡಿದ, ಕೊಟ್ಟ. ಕತ್ತಿಯ ಮೂತಿ ನಮ್ಮದರಂತಲ್ಲ, ಒಂದು ಗಳಿಗೆ ತಿರುಗಿಸಿ ನೋಡಿಕೊಂಡರು. ಆಮೇಲೆ ತೊಗಟೆಯ ಮೇಲೆ ತೆಳುವಾಗಿ, ಮರಕ್ಕೆ ತಾಗದ ಹಾಗೆ ಎಳೆದರು. ಗೀರಿನ ಉದ್ದಕ್ಕೂ ಹಾಲು ಮೂಡಿ ಗೆರಟೆಗೆ ಇಳಿಯಿತು. ಮುದುಕ ದೀಪ ಹತ್ತಿರ ತಂದು ಗೀರನ್ನು ಪರೀಕ್ಷಿಸಿ, ಪಕ್ಕದ ಮರ ತೋರಿಸಿದ.