ಕೆತ್ತಿದ ಕಲ್ಲಿನ ಮೇಲೆ ಹಳೆಯ ಬಣ್ಣವನ್ನು ಹುಡುಕುವ ಕ್ರಮ

ಮಂಗೋಲಿಯದ ಹುಲ್ಲುಗಾವಲುಗಳಲ್ಲಿ ಕಂಚಿನ ಯುಗದ ಜನರು ನಿಲ್ಲಿಸಿದ ಜಿಂಕೆಗಲ್ಲುಗಳಿವೆ. ಕೆಲವು ನಾಲ್ಕು ಮೀಟರ್ ಎತ್ತರದವರೆಗೂ ಇರುವ ಈ ಕಲ್ಲುಗಳ ಮೇಲೆ ಹಕ್ಕಿಯ ಕೊಕ್ಕಿನಂತೆ ಚೂಪಾದ ಮೂತಿಯ, ಕೊಂಬುಗಳನ್ನು ಬೆನ್ನುದ್ದಕ್ಕೂ ಅಲೆಯಲೆಯಾಗಿ ಚಾಚಿದ ಜಿಂಕೆಗಳನ್ನೂ, ನಡುಪಟ್ಟಿ ಮತ್ತು ಆಯುಧಗಳನ್ನೂ ಕೆತ್ತಲಾಗಿದೆ. 2023ರಲ್ಲಿ ಇವು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇವನ್ನು ಬರಿಯ ಕೆತ್ತನೆಗಳೆಂದೇ ಬಹುಕಾಲ ಓದುತ್ತ ಬಂದರು. ಆದರೆ ಕೆಲವು ಕಲ್ಲುಗಳ ಮೇಲೆ ಕೆಂಪು ಬಣ್ಣದ ಉಳಿಕೆ ಸಿಕ್ಕಿದೆ. ಅಂಥ ಉಳಿಕೆಯನ್ನು ಹಾಳುಗೆಡವದೆ ಗುರುತಿಸುವುದು ಹೇಗೆಂಬುದನ್ನು ಕೊಪ್ಪಳ ಜಿಲ್ಲೆಯಲ್ಲಿಯೇ ಅಭ್ಯಾಸ ಮಾಡಿ ಕಲಿಯಬಹುದು.

ಎಲ್ಲಕ್ಕಿಂತ ಮೊದಲು ಪಾಲಿಸಬೇಕಾದ ನಿಯಮವೆಂದರೆ, ಕೆತ್ತನೆಯನ್ನು ದಾಖಲಿಸಲು ಕೈ ಹಾಕುವ ಮುನ್ನ ಬಣ್ಣದ ಕೆಲಸವನ್ನು ಮುಗಿಸಿಬಿಡಬೇಕು. ಗೆರೆ ಎದ್ದು ಕಾಣಲೆಂದು ಸೀಮೆಸುಣ್ಣ ತುಂಬುವುದು, ಕಾಗದವಿಟ್ಟು ಅಚ್ಚು ತೆಗೆಯುವುದು, ಕುಂಚದಿಂದ ಉಜ್ಜಿ ತೊಳೆಯುವುದು ಇವೆಲ್ಲ ಕೆತ್ತನೆಗೆ ಅನುಕೂಲವೆನಿಸಿದರೂ ಗೆರೆಯ ತಳದಲ್ಲಿ ಹುಡಿಯಾಗಿ ಕುಳಿತ ಬಣ್ಣವನ್ನು ಒಂದೇ ಸಲಕ್ಕೆ ಅಳಿಸಿಹಾಕುತ್ತವೆ. ಬಂಡೆಚಿತ್ರಗಳ ಮೇಲೆ ನೀರು ಚಿಮುಕಿಸಿ ಫೋಟೊ ತೆಗೆಯುವ ಅಭ್ಯಾಸ ನಮ್ಮ ಗುಂಪಿಗೂ ಮೊದಮೊದಲು ಇತ್ತು. ನೀರು ಬಿದ್ದ ಕ್ಷಣ ಚಿತ್ರ ಹೊಳೆಯುತ್ತದೆ ನಿಜ. ಆದರೆ ಆರುವಾಗ ಕಲ್ಲಿನೊಳಗಿನ ಲವಣ ಮೇಲೆ ಬಂದು ಬಣ್ಣದ ಪದರವನ್ನು ಮಸುಕಾಗಿಸುತ್ತದೆ, ಸಡಿಲಗೊಳಿಸುತ್ತದೆ. ಇದು ತಿಳಿದ ಮೇಲೆ ನಾವು ಕಲ್ಲಿನ ಬಳಿ ನೀರಿನ ಬಾಟಲಿಯ ಮುಚ್ಚಳ ತೆಗೆಯುವುದನ್ನೇ ಬಿಟ್ಟೆವು.

ಅಭ್ಯಾಸಕ್ಕೆ ಗಂಗಾವತಿ ಸಮೀಪದ ಹಿರೇಬೆಣಕಲ್ ಬೆಟ್ಟಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಅಲ್ಲಿಯ ಬೃಹತ್ ಶಿಲಾಗೋರಿಗಳು 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯನ್ನು ಸೇರಿವೆ. ಅವುಗಳ ಆಸುಪಾಸಿನ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಜಿಂಕೆಗಲ್ಲುಗಳಲ್ಲಿ ಬಣ್ಣವು ಕೆತ್ತನೆಯ ಜೊತೆಗೆ ಬರುತ್ತದೆ, ಇಲ್ಲಿ ಬರಿಯ ಬಂಡೆಯ ಮೇಲಿದೆ. ಹೀಗಾಗಿ ಎರಡೂ ಒಂದೇ ಬಗೆಯವಲ್ಲ. ಆದರೂ ನಿಜವಾಗಿ ಹಚ್ಚಿದ ಕೆಂಪು ಕಲ್ಲಿನ ಮೇಲೆ ಹೇಗೆ ಕಾಣುತ್ತದೆಂದು ಕಣ್ಣಿಗೆ ರೂಢಿಯಾಗಲು ಈ ಕಲ್ಲಾಸರೆಗಳು ಸಾಕು.

ಬೆಳಕಿನ ವಿಷಯದಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಕೆತ್ತನೆ ಚೆನ್ನಾಗಿ ಕಾಣಬೇಕಾದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬೇಕು, ಏಕೆಂದರೆ ಗೆರೆಯೊಳಗೆ ನೆರಳು ಬೀಳಬೇಕು. ಬಣ್ಣಕ್ಕೆ ಆ ನೆರಳೇ ಶತ್ರು. ಮೋಡ ಕವಿದ ಹೊತ್ತಿನಲ್ಲಿ, ಇಲ್ಲವೇ ಇಬ್ಬರು ಒಂದು ಬಿಳಿ ಬಟ್ಟೆಯನ್ನು ಅಡ್ಡಹಿಡಿದು ಬಿಸಿಲನ್ನು ಸೋಸಿ, ಸಮನಾದ ಬೆಳಕಿನಲ್ಲಿ ಚಿತ್ರ ತೆಗೆಯಿರಿ. ಅಳತೆಪಟ್ಟಿ ಮತ್ತು ಬಣ್ಣದ ಪಟ್ಟಿ ಪ್ರತಿ ಚಿತ್ರದಲ್ಲೂ ಇರಲಿ, ಆದರೆ ಅವು ಕಲ್ಲಿಗೆ ತಾಗದಿರಲಿ. ಕ್ಯಾಮೆರಾದಲ್ಲಿ ಚಿತ್ರವನ್ನು ಕುಗ್ಗಿಸದೆ ರಾ ಕಡತವಾಗಿಯೇ ಉಳಿಸಿಕೊಳ್ಳಿ, ಏಕೆಂದರೆ ಜೆಪೆಗ್ ಕಡತವನ್ನು ಕುಗ್ಗಿಸುವಾಗ ಉಂಟಾಗುವ ಸಣ್ಣ ಚೌಕಗಳು ಮುಂದಿನ ಹಂತದಲ್ಲಿ ಬಣ್ಣದ ಕಲೆಗಳಂತೆ ಮೋಸಮಾಡುತ್ತವೆ.

ಆ ಮುಂದಿನ ಹಂತವೇ ಡಿಸ್ಟ್ರೆಚ್. ಜಾನ್ ಹಾರ್ಮನ್ ಬಂಡೆಚಿತ್ರಗಳಿಗಾಗಿ ಸಿದ್ಧಪಡಿಸಿದ ಈ ತಂತ್ರಾಂಶವು ಚಿತ್ರದಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ ಬಣ್ಣಗಳ ಅಂತರವನ್ನು ಗಣಿತದ ಮೂಲಕ ಹಿಗ್ಗಿಸುತ್ತದೆ. ಬರಿಗಣ್ಣಿಗೆ ಬೂದುಬಣ್ಣವಾಗಿ ಕಂಡ ಜಾಗದಲ್ಲಿ ಕೆಂಪು ಎದ್ದು ಬರುತ್ತದೆ. ಕೆಂಪಿಗೆ ವೈಆರ್‌ಇ, ಎಲ್‌ಆರ್‌ಇ ಮತ್ತು ಸಿಆರ್‌ಜಿಬಿ ಎಂಬ ಆಯ್ಕೆಗಳನ್ನೂ, ಕಪ್ಪಿಗೆ ವೈಬಿಕೆ ಎಂಬುದನ್ನೂ ಮೊದಲು ಪ್ರಯತ್ನಿಸಿ. ಯಾವ ಆಯ್ಕೆಯನ್ನು ಬಳಸಿದಿರಿ ಎಂಬುದನ್ನು ಚಿತ್ರದ ಹೆಸರಿನಲ್ಲೇ ಬರೆದಿಡಿ. ಈ ತಂತ್ರಾಂಶ ಕೆಂಪನ್ನು ತೋರಿಸುತ್ತದೆಯೇ ಹೊರತು ಅದನ್ನು ಮನುಷ್ಯ ಹಚ್ಚಿದನೋ ಇಲ್ಲವೋ ಎಂದು ಹೇಳುವುದಿಲ್ಲ.

ಅದನ್ನು ಹೇಳಬೇಕಾದವರು ನೀವು, ಮತ್ತು ಈ ಕೆಲಸದ ತಿರುಳೇ ಅದು. ಕಲ್ಲಿನೊಳಗಿನ ಕಬ್ಬಿಣ ಕರಗಿ ಬಂದ ಕಲೆ ಬಿರುಕನ್ನೂ ನೀರು ಹರಿದ ಜಾಡನ್ನೂ ಹಿಡಿದು ಇಳಿಯುತ್ತದೆ. ಕಿತ್ತಳೆ ಬಣ್ಣದ ಕಲ್ಲುಹೂವು ದುಂಡಗೆ ಹರಡುತ್ತದೆ, ಭೂತಗನ್ನಡಿಯಲ್ಲಿ ನೋಡಿದರೆ ಅದಕ್ಕೆ ದಪ್ಪವಿರುತ್ತದೆ. ನಮ್ಮಲ್ಲಿ ಕುಂಕುಮವೂ ಎಣ್ಣೆಬಣ್ಣವೂ ಇನ್ನೊಂದು ತೊಡಕು: ಪೂಜೆ ನಡೆಯುವ ಕಲ್ಲಿನ ಮೇಲಿನ ಕೆಂಪು ಬಹುಪಾಲು ಇತ್ತೀಚಿನದು, ಅದನ್ನು ಪೂಜಿಸುವ ಮನೆತನದವರನ್ನು ಕೇಳಿದರೆ ಯಾವ ಹಬ್ಬಕ್ಕೆ ಹಚ್ಚಿದ್ದೆಂದು ಹೇಳುತ್ತಾರೆ. ಹಳೆಯ ಬಣ್ಣವಾದರೆ ಅದು ಕೆತ್ತನೆಯ ಅಂಚಿಗೆ ಬಂದು ನಿಲ್ಲುತ್ತದೆ, ಗೆರೆಯ ತಳದಲ್ಲಿ ಉಳಿದು ಮೇಲ್ಮೈಯಲ್ಲಿ ಸವೆದಿರುತ್ತದೆ, ಅಥವಾ ಕೆತ್ತನೆಯೇ ಇಲ್ಲದ ಕಡೆ ಒಂದು ಆಕಾರವನ್ನು ಪೂರ್ಣಗೊಳಿಸುತ್ತದೆ. ಮಳೆಗಾಳಿ ತಾಗದ ಬದಿಗಳನ್ನು, ಮಣ್ಣಿನಲ್ಲಿ ಹೂತಿದ್ದ ಬುಡವನ್ನು ವಿಶೇಷವಾಗಿ ನೋಡಿ. ಜಿಂಕೆಗಲ್ಲುಗಳಲ್ಲಿ ಹಲವನ್ನು ನಂತರದ ಕಾಲದವರು ಕಿತ್ತು ಗೋರಿಗಳ ಚಪ್ಪಡಿಗಳಾಗಿ ಬಳಸಿದ್ದಾರೆ, ಅಂಥವುಗಳಲ್ಲಿ ಯಾವ ಮುಖ ಎಷ್ಟು ಕಾಲ ಮುಚ್ಚಿತ್ತು ಎಂಬ ವಿವರ ಬಣ್ಣದಷ್ಟೇ ಮುಖ್ಯ.

ಕಣ್ಣಿಗೆ ಕಂಡ ಬಣ್ಣವೆಲ್ಲ ಹಚ್ಚಿದ್ದಲ್ಲ ಎಂಬುದಕ್ಕೆ ರಷ್ಯಾದ ಅಲ್ತಾಯ್ ಪ್ರದೇಶದಲ್ಲಿರುವ ಕಂಚಿನ ಯುಗದ ಕರಕೋಲ್ ಗೋರಿಗಳಿಗಿಂತ ಸುಂದರವಾದ ಉದಾಹರಣೆಯಿಲ್ಲ. 1985ರಲ್ಲಿ ಸಿಕ್ಕ ಆ ಗೋರಿಗಳ ಚಪ್ಪಡಿಗಳ ಮೇಲೆ ಕೆಂಪು, ಕಪ್ಪು, ಬಿಳಿ ಮೂರೂ ಇವೆ. ಪರೀಕ್ಷಿಸಿದಾಗ ಕೆಂಪು ಕಬ್ಬಿಣದ ಖನಿಜದ್ದು, ಕಪ್ಪು ಮಸಿಯದ್ದು ಎಂದು ತಿಳಿಯಿತು. ಬಿಳಿಯನ್ನು ಮಾತ್ರ ಯಾರೂ ಹಚ್ಚಿರಲಿಲ್ಲ: ಕಲ್ಲನ್ನು ಕೆರೆದು ಒಳಗಿನ ಹರಳುಗಳನ್ನು ತೆರೆದಿದ್ದರು, ಬೆಳಕು ಬಿದ್ದಾಗ ಅವೇ ಬೆಳ್ಳಗೆ ಕಾಣುತ್ತಿದ್ದವು.

ಉಪಕರಣದ ಪರೀಕ್ಷೆ ಸಾಧ್ಯವಾದರೆ, ಕಬ್ಬಿಣದಂಥ ಧಾತುಗಳು ಎಷ್ಟಿವೆಯೆಂದು ತೋರಿಸುವ, ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರದಿಂದ ಬಣ್ಣದ ಜಾಗದ ಜೊತೆಗೆ ಅದೇ ಕಲ್ಲಿನ ಬರಿಯ ಜಾಗವನ್ನೂ ಅಳೆಯಿಸಿ. ನಮ್ಮ ಕಣಶಿಲೆಯಲ್ಲೂ ಕಬ್ಬಿಣವಿದೆ, ಆದ್ದರಿಂದ ಹೋಲಿಕೆಯಿಲ್ಲದ ಅಂಕಿಗೆ ಅರ್ಥವಿಲ್ಲ. ಬಣ್ಣವನ್ನು ಕೆರೆದು ಮಾದರಿ ತೆಗೆಯುವುದು ಪುರಾತತ್ವ ಇಲಾಖೆಯ ಅನುಮತಿ ಪಡೆದ ತಜ್ಞರ ಕೆಲಸ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸೆರೆವಾಸದ ಶಿಕ್ಷೆಯಿದೆ.

ಟಿಪ್ಪಣಿ ಬರೆಯುವಾಗ ಪರೀಕ್ಷೆ ಆಗುವವರೆಗೂ ‘ಚಿತ್ರ’ ಎನ್ನದೆ ‘ಕೆಂಪು ಉಳಿಕೆ’ ಎಂದೇ ಬರೆಯಿರಿ. ಕಲ್ಲಿನ ಯಾವ ದಿಕ್ಕಿನ ಮುಖ, ನೆಲದಿಂದ ಎಷ್ಟು ಎತ್ತರ, ಗೆರೆಯ ಒಳಗೋ ಹೊರಗೋ, ದಿನದ ಯಾವ ಹೊತ್ತು, ಇವನ್ನು ಮನೆಗೆ ಬಂದ ಮೇಲೆ ನೆನಪಿನಿಂದ ತುಂಬದೆ ಕಲ್ಲಿನ ಮುಂದೆಯೇ ಕುಳಿತು ಬರೆದು ಮುಗಿಸಿ.