ಬೇಸಿಗೆ ರಜೆಗೆ ಮ್ಯೂಸಿಯಂ ಇಂಟರ್ನ್‌ಶಿಪ್: ನಮ್ಮ ಬಳ್ಳಾರಿ ಕಡೆಯವರಿಗೆ

ಫೆಬ್ರವರಿ ಬಂತೆಂದರೆ ಬಳ್ಳಾರಿಯ ಬಿಎಸ್ಸಿ ಹುಡುಗರು ಒಬ್ಬಿಬ್ಬರಾದರೂ ಫೋನ್ ಮಾಡುತ್ತಾರೆ. "ಅಣ್ಣಾ, ನೀವು ಮೈಸೂರಲ್ಲಿ ಮ್ಯೂಸಿಯಂ ಇಂಟರ್ನ್‌ಶಿಪ್ ಮಾಡಿದ್ರಲ್ಲ, ಹೆಂಗ್ ಸಿಕ್ತು, ಅಲ್ಲಿ ಏನ್ ಮಾಡಬೇಕು?" ಒಬ್ಬೊಬ್ಬರಿಗೂ ಅದನ್ನೇ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಡೈನೋಸಾರ್ ಮೂಳೆಯ ಧೂಳು ಒರೆಸುತ್ತಾ ಕೂರುವ ಕೆಲಸ ಅಂದುಕೊಂಡಿದ್ದರೆ ಈಗಲೇ ಬಿಟ್ಟುಬಿಡಿ. ಬೇಸಿಗೆ ಶಿಬಿರದ ಇಂಟರ್ನ್ ಅಂದರೆ ಇಡೀ ದಿನ ಮಕ್ಕಳ ಜೊತೆ ಇರುವವನು. ಕುರ್ಚಿ ಜೋಡಿಸಬೇಕು, ಹಾಜರಿ ಹಾಕಬೇಕು, ಎಷ್ಟು ಕತ್ತರಿ ಕೊಟ್ಟೆ ಎಷ್ಟು ವಾಪಸ್ ಬಂತು ಎಣಿಸಬೇಕು, ಅಳುವ ಮಗುವನ್ನು ಅಮ್ಮ ಬರುವತನಕ ಸಮಾಧಾನ ಮಾಡಬೇಕು. ಪ್ರಾಣಿ, ಪಕ್ಷಿ, ಕಲ್ಲು ಅಂತ ಮಾತಾಡಲು ಸಿಗುವುದು ಒಂದೂವರೆ ಗಂಟೆ. ನನಗಂತೂ ಆ ಒಂದೂವರೆ ಗಂಟೆಗೆ ಉಳಿದ ಕೆಲಸವೆಲ್ಲ ಭಾರ ಅನಿಸಲಿಲ್ಲ.

ಎಲ್ಲಿ ಕೇಳಬೇಕು? ನಿಸರ್ಗಕ್ಕೇ ಮೀಸಲಾದ ಮ್ಯೂಸಿಯಂ ಬೇಕೆಂದರೆ ಮೈಸೂರಿನ ಕಾರಂಜಿ ಕೆರೆ ಪಕ್ಕದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ಇದೆ, 1995ರಲ್ಲಿ ಶುರುವಾದದ್ದು, ಕೇಂದ್ರ ಪರಿಸರ ಸಚಿವಾಲಯದ್ದು. ರಾಯಚೂರಿನವರಿಗೆ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ ಹತ್ತಿರ. ಅದು ಬರೀ ನಿಸರ್ಗದ್ದಲ್ಲ, ಆದರೆ ಮಕ್ಕಳ ಜೊತೆ ಕೆಲಸ ಕಲಿಯಲು ಏನೂ ಅಡ್ಡಿಯಿಲ್ಲ. ಊರು ಬಿಡಲು ಆಗದವರಿಗೆ ಬಳ್ಳಾರಿಯಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ಇದೆ, ಅದರ ಮಾತು ಆಮೇಲೆ.

ಎಲ್ಲಾದರೂ "ಇಂಟರ್ನ್‌ಗಳು ಬೇಕಾಗಿದ್ದಾರೆ" ಅಂತ ಪ್ರಕಟಣೆ ಬರಲಿ ಎಂದು ಕಾಯುತ್ತಾ ಕೂರಬೇಡಿ. ಶಾಲೆಗಳಿಗೆ ರಜೆ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶುರು, ಶಿಬಿರದ ತಯಾರಿ ಅದಕ್ಕೂ ಮೊದಲೇ, ಹಾಗಾಗಿ ಫೆಬ್ರವರಿಯೊಳಗೆ ನಿಮ್ಮ ಪತ್ರ ಹೋಗಿರಬೇಕು. ಜೊತೆಗೆ ಎಚ್‌ಒಡಿ ಸಹಿ ಹಾಕಿದ ಕಾಲೇಜಿನ ಪತ್ರ, ಐಡಿ ಕಾರ್ಡಿನ ಜೆರಾಕ್ಸ್, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಬರುತ್ತೀರಿ ಅನ್ನುವುದು. ಪತ್ರ ಒಂದೇ ಪುಟ ಇರಲಿ. "ಬಾಲ್ಯದಿಂದಲೂ ಪ್ರಕೃತಿ ಎಂದರೆ ನನಗೆ ಪ್ರಾಣ" ಅಂತ ಮಾತ್ರ ಬರೆಯಬೇಡಿ, ಎಲ್ಲರೂ ಬರೆಯುವುದು ಅದನ್ನೇ. ನಾನು ನೀರುನಾಯಿ ಬಗ್ಗೆ ಬರೆದಿದ್ದೆ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಣಾ ಮೀಸಲು ಅನ್ನುವುದು, ಅಲ್ಲಿ ನಾನು ಕಣ್ಣಾರೆ ನೋಡಿದ್ದು, ಅದನ್ನಿಟ್ಟುಕೊಂಡು ಹತ್ತು ವರ್ಷದ ಮಕ್ಕಳಿಗೆ ಯಾವ ಆಟ ಆಡಿಸಬಲ್ಲೆ ಅನ್ನುವುದು, ಇಷ್ಟೇ. ಕೊಪ್ಪಳದವರಿಗೂ ಅದೇ ಹೊಳೆ. ಪತ್ರ ಹೋಗಿ ವಾರ ಆದ ಮೇಲೆ ಒಂದು ಫೋನ್ ಮಾಡಿ. ಸ್ಟೈಪೆಂಡ್ ಇದೆಯಾ ಅಂತ ನಾಚಿಕೆಪಡದೆ ಕೇಳಿ. ಇಲ್ಲ ಅನ್ನುವುದೇ ಜಾಸ್ತಿ, ಪಿಜಿ ಬಾಡಿಗೆ, ಊಟದ ಲೆಕ್ಕ ಮನೆಯಲ್ಲಿ ಮೊದಲೇ ಮಾತಾಡಿಕೊಂಡು ಹೊರಡಿ.

ಇನ್ನು ಮಕ್ಕಳ ವಿಷಯ. ನನಗೆ ಮೊದಲ ವಾರ ಕೊಟ್ಟಿದ್ದು ಕೊಕ್ಕಿನ ಆಟ. ಒಬ್ಬರಿಗೆ ಚಮಚ, ಒಬ್ಬರಿಗೆ ಚಿಮಟ, ಒಬ್ಬರಿಗೆ ಬಟ್ಟೆ ಕ್ಲಿಪ್, ಒಬ್ಬರಿಗೆ ಇಂಕ್ ಹಾಕುವ ಡ್ರಾಪರ್, ಇವೇ ಕೊಕ್ಕುಗಳು. ತಟ್ಟೆಯಲ್ಲಿ ರಾಗಿ, ರಬ್ಬರ್ ಬ್ಯಾಂಡು, ಉದ್ದ ಲೋಟದಲ್ಲಿ ಬಣ್ಣದ ನೀರು, ಬೇಸಿನ್ ನೀರಲ್ಲಿ ತೇಲುವ ಮಂಡಾಳು. ಒಂದು ನಿಮಿಷದಲ್ಲಿ ಯಾರ ಕೊಕ್ಕಿಗೆ ಏನು ಎಷ್ಟು ಸಿಗುತ್ತದೆ ನೋಡಬೇಕು. ಹಿಂದಿನ ಸಂಜೆ ಅಂಗಡಿಗೆ ಹೋಗಿ ಮಂಡಾಳು ಕೊಡಿ ಅಂದೆ, ಅಂಗಡಿಯವರು ನನ್ನ ಮುಖ ನೋಡಿದರು, ಬೆರಳು ಮಾಡಿ ತೋರಿಸಿದ ಮೇಲೆ "ಓ, ಪುರೀನಾ" ಅಂದರು. ಅಲ್ಲಿಗೆ ಮುಗಿಯಲಿಲ್ಲ. ಬೆಳಿಗ್ಗೆ ಪುರಿ ನೀರಿಗೆ ಸುರಿದು, ಮಕ್ಕಳನ್ನು ಸಾಲಾಗಿ ಕೂರಿಸಿ, ಹದಿನೈದು ನಿಮಿಷ ಭಾಷಣ ಬಿಗಿದೆ: ವಿಕಾಸ, ಹೊಂದಾಣಿಕೆ, ಡಾರ್ವಿನ್, ಎಲ್ಲಾ. ತಿರುಗಿ ನೋಡಿದರೆ ಪುರಿ ನೆನೆದು ಒಗ್ಗರಣೆಗೆ ಹದವಾಗಿತ್ತು! ಮಕ್ಕಳೂ ಅಷ್ಟೇ ಮೆತ್ತಗಾಗಿದ್ದರು.

ಮಾರನೇ ದಿನದ ಬ್ಯಾಚಿಗೆ ಬಾಯಿ ಬಿಡಲೇ ಇಲ್ಲ. ಕೊಕ್ಕು ಕೈಗೆ ಕೊಟ್ಟೆ, "ತಿನ್ನಿ" ಅಂದೆ. ಡ್ರಾಪರ್ ಹುಡುಗಿ ರಾಗಿ ತಟ್ಟೆ ಮುಂದೆ ಒದ್ದಾಡಿ, ಸೋತು, ತಾನೇ ಎದ್ದು ಹೋಗಿ ಬಣ್ಣದ ನೀರಿನ ಲೋಟದ ಹತ್ತಿರ ಕೂತಳು. ಆಮೇಲೆ "ಹೂವಿನ ಹತ್ತಿರ ಬರುತ್ತಲ್ಲ, ಆ ಚಿಕ್ಕ ಹಕ್ಕಿ ನಾನು" ಅಂದಳು. ಸೂರಕ್ಕಿ ಅಂತ ಹೆಸರು ಹೇಳಿದ್ದಷ್ಟೇ ನನ್ನ ಕೆಲಸ. ಈ ಇಂಟರ್ನ್‌ಶಿಪ್ಪಿನಲ್ಲಿ ಕಲಿಯಬೇಕಾದದ್ದು ಇದೇ ನೋಡಿ, ಮಗು ನೋಡಿ ಮುಗಿಸುವವರೆಗೆ ಸುಮ್ನಿರುವುದು. ಹೇಳುವಷ್ಟು ಸುಲಭ ಅಲ್ಲ. ನಮಗೆ ಗೊತ್ತಿರುವುದು ಸ್ವಲ್ಪ, ಅದನ್ನು ಹೇಳುವ ಚಪಲ ಜಾಸ್ತಿ, ಅಲ್ವಾ?

ತೋಟದಲ್ಲಿ ಓತಿಕ್ಯಾತ ಕಂಡರೆ ಹತ್ತರಲ್ಲಿ ಎಂಟು ಮಕ್ಕಳು "ಊಸರವಳ್ಳಿ" ಅಂತ ಕೂಗುತ್ತಾರೆ. "ತಪ್ಪು" ಅನ್ನಬೇಡಿ. ಊಸರವಳ್ಳಿಯ ಚಿತ್ರ ಕೈಗೆ ಕೊಟ್ಟು, ಏನೇನು ಬೇರೆ ಇದೆ ಅಂತ ಕೇಳಿ. ಸುರುಳಿ ಸುತ್ತಿದ ಬಾಲ, ಇಕ್ಕಳದ ಹಾಗೆ ಕೊಂಬೆ ಹಿಡಿಯುವ ಕಾಲು, ಒಂದೊಂದು ಒಂದೊಂದು ಕಡೆ ತಿರುಗುವ ಕಣ್ಣು, ಎಲ್ಲಾ ಅವರೇ ಹೇಳುತ್ತಾರೆ. ಗಂಡು ಓತಿಕ್ಯಾತದ ತಲೆ, ಕುತ್ತಿಗೆ ಈ ಕಾಲಕ್ಕೆ ಕೆಂಪಾಗಿರುತ್ತದೆ. ಅದು ರಕ್ತ ಹೀರಿದ್ದಕ್ಕೆ ಅಂತ ನಮ್ಮೂರಲ್ಲಿ ಕಲ್ಲು ಹೊಡೆಯುತ್ತಿದ್ದೆವು, ನಾನೂ ಹೊಡೆದವನೇ. ಅದು ಹೆಣ್ಣಿಗೆ ತೋರಿಸಲು, ಬೇರೆ ಗಂಡನ್ನು ಹೆದರಿಸಲು ಬರುವ ಬಣ್ಣ. ನನ್ನ ಕಲ್ಲಿನ ಕಥೆ ಹೇಳಿದಾಗ ಅವರು ಕೇಳಿದಷ್ಟು ಗಮನವಿಟ್ಟು ಬೇರೇನೂ ಕೇಳಲಿಲ್ಲ.

ತುಂಬಿಟ್ಟ ಪ್ರಾಣಿಗಳ ಮುಂದೆ ಬರುವ ಪ್ರಶ್ನೆಗೆ ಮೊದಲೇ ತಯಾರಾಗಿ. "ಅಂಕಲ್, ಇದು ನಿಜವಾದ ಹುಲೀನಾ? ಯಾರು ಸಾಯಿಸಿದ್ರು?" (ಹೌದು, ಇಪ್ಪತ್ತೊಂದಕ್ಕೇ ಅಂಕಲ್ ಆಗುತ್ತೀರಿ.) ಸುಳ್ಳು ಹೇಳಬೇಡಿ. ಚರ್ಮ ನಿಜ, ಕಣ್ಣು ಗಾಜು, ಒಳಗಿರುವುದು ಮಾಡಿದ ಅಚ್ಚು. ಮೈಸೂರಿನಲ್ಲೇ ವ್ಯಾನ್ ಇಂಗನ್ ಅವರ ಕಾರ್ಖಾನೆ ಸುಮಾರು 1900ರಿಂದ 1990ರ ದಶಕದ ಕೊನೆವರೆಗೆ ಇದೇ ಕೆಲಸ ಮಾಡುತ್ತಿತ್ತು, ಬೇಟೆ ಆಗ ಕಾನೂನಿಗೆ ವಿರುದ್ಧ ಅಲ್ಲ, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬದಲಾಯಿತು. ಮುಟ್ಟಬೇಡಿ ಅಂತ ಸುಮ್ನೆ ಗದರಬೇಡಿ, ಕಾರಣ ಹೇಳಿ: ಹಳೇ ಕಾಲದಲ್ಲಿ ಹುಳ ಬೀಳದಿರಲಿ ಅಂತ ಚರ್ಮಕ್ಕೆ ಆರ್ಸೆನಿಕ್ ಹಚ್ಚುತ್ತಿದ್ದರು, ಅದು ವಿಷ. ಇಷ್ಟು ಹೇಳಿದರೆ ಕೈ ತಾವಾಗೇ ಹಿಂದಕ್ಕೆ ಹೋಗುತ್ತವೆ.

ಅಮೊನೈಟ್ (ಸುರುಳಿ ಚಿಪ್ಪಿನ ಹಳೇ ಕಾಲದ ಸಮುದ್ರ ಪ್ರಾಣಿ) ಪಳೆಯುಳಿಕೆ ತೋರಿಸಿದಾಗ ಒಬ್ಬ ಹುಡುಗ "ಇದು ನಮ್ಮಜ್ಜಿ ದೇವರ ಮನೇಲಿದೆ" ಅಂದ. ಅವನು ಹೇಳಿದ್ದು ಸರಿ. ಗಂಡಕಿ ನದಿಯ ಸಾಲಿಗ್ರಾಮದೊಳಗಿನ ಸುರುಳಿ ಅದೇ ಪ್ರಾಣಿಯದು, ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದ್ದು. ಅಮೊನೈಟ್‌ಗಳು ಅಳಿದದ್ದು ಡೈನೋಸಾರ್‌ಗಳ ಜೊತೆಗೇ, ಸುಮಾರು 6.6 ಕೋಟಿ ವರ್ಷದ ಹಿಂದೆ. ಅಜ್ಜಿಯ ಪೂಜೆಗೂ ನಮ್ಮ ಪಾಠಕ್ಕೂ ಜಗಳ ಹಚ್ಚುವ ಅಗತ್ಯ ಇಲ್ಲ. "ಅಜ್ಜಿಗೆ ಕೇಳಿ ಬಾ, ಯಾರು ತಂದರು ಅಂತ" ಅಂದೆ, ಮಾರನೇ ದಿನ ಅವನೇ ನಮಗೆ ಪಾಠ ಮಾಡಿದ.

ಬಳ್ಳಾರಿಯಲ್ಲೇ ಉಳಿಯುವವರು ಫೂಟ್ ಮ್ಯೂಸಿಯಂಗೆ ಹೋಗಿ ಕೇಳಿ ನೋಡಿ. ಫೂಟ್ ಭೂವಿಜ್ಞಾನಿ, 1863ರಲ್ಲಿ ಚೆನ್ನೈ ಹತ್ತಿರದ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಕೊಡಲಿ ಕಂಡುಹಿಡಿದವರು, ನಮ್ಮ ಕಡೆಯೂ ಓಡಾಡಿದವರು. ಸಂಗನಕಲ್ಲಿನ ಕಲ್ಲು ಕೊಡಲಿ, ಅವನ್ನು ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ತಗ್ಗುಗಳು, ಬಾರಿಸಿದರೆ ಗಂಟೆಯ ಹಾಗೆ ಮೊಳಗುವ ಕಪ್ಪಗಲ್ಲಿನ ಕಲ್ಲುಗಳು, ಕುಡತಿನಿಯ ಬೂದಿ ದಿಬ್ಬ, ಇಷ್ಟಿದ್ದರೆ ಒಂದು ವಾರದ ಶಿಬಿರಕ್ಕೆ ಸಾಕು. ಹಂಪಿ ಹತ್ತಿರದ ನಿಂಬಾಪುರದ ಬೂದಿ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ, ಅಗೆದು ನೋಡಿದವರು ಇಂಥ ದಿಬ್ಬಗಳು ಹೊಸ ಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿ ರಾಶಿ ಅನ್ನುತ್ತಾರೆ. ಎರಡೂ ಹೇಳಿ, ಆಮೇಲೆ ಒಂದು ಕುಳ್ಳು ಸುಟ್ಟು ಬೂದಿ ತೋರಿಸಿ. ಆದರೆ ಹೊರಗೆ ಕರೆದುಕೊಂಡು ಹೋಗುವುದಾದರೆ ಮುಂಜಾನೆ ಏಳರಿಂದ ಒಂಬತ್ತು, ಅಷ್ಟೇ. ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ಲ. ಕಲ್ಲು ಎತ್ತಿ ನೋಡಲು ಬಿಡಬೇಡಿ, ಚೇಳು ತಂಪಿಗೆ ಅಲ್ಲೇ ಇರುತ್ತದೆ. ನಕ್ಷತ್ರ ಆಮೆ ಸಿಕ್ಕರೆ ಮನೆಗೆ ಒಯ್ಯಲು ಹಟ ಮಾಡುತ್ತಾರೆ, ಸಾಕುವುದು ಕಾನೂನಿಗೆ ವಿರುದ್ಧ ಅಂತ ಹೇಳಿ, ಅಲ್ಲೇ ಬಿಡಿಸಿ.

ಮಕ್ಕಳ ಫೋಟೊ ತಂದೆತಾಯಿ ಒಪ್ಪದೆ ಸ್ಟೇಟಸ್‌ಗೆ ಹಾಕಬೇಡಿ. ಸಂಜೆ ಕರೆದೊಯ್ಯಲು ಯಾರು ಬರುತ್ತಾರೆ ಅಂತ ಪಟ್ಟಿಯಲ್ಲಿದೆಯೋ ಅವರಿಗೇ ಮಗು ಕೊಡಿ, "ನಾನು ಅವರ ಮಾಮ" ಅಂದವರನ್ನೆಲ್ಲ ನಂಬಬೇಡಿ. ಒಂದು ಮಗುವಿನ ಜೊತೆ ಒಬ್ಬರೇ ಕೋಣೆಯಲ್ಲಿ ಉಳಿಯಬೇಡಿ, ನಿಮಗೂ ಒಳ್ಳೆಯದು ಅವರಿಗೂ ಒಳ್ಳೆಯದು.

ಸರ್ಟಿಫಿಕೇಟು ಕೊನೇ ದಿನವೇ ಕೈಗೆ ತೆಗೆದುಕೊಳ್ಳಿ, ತಾರೀಕು, ಸಹಿ, ಸೀಲು ಮೂರೂ ನೋಡಿಕೊಂಡು. ಊರಿಗೆ ಬಂದ ಮೇಲೆ ಪೋಸ್ಟಲ್ಲಿ ಕಳಿಸ್ತೀವಿ ಅಂದರೆ ಕಾಯುತ್ತಲೇ ಇರುತ್ತೀರಿ. ಹಾಂ, ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಮೈಸೂರು, ಆದರೆ ರಜೆಯಲ್ಲಿ ಸ್ಲೀಪರ್ ಟಿಕೆಟ್ ಸಿಗುವುದು ಕಷ್ಟ. ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ಹೋಗುವ ಟಿಕೆಟ್, ಬರುವ ಟಿಕೆಟ್ ಎರಡನ್ನೂ ಅದರದರ ಬುಕಿಂಗ್ ತೆರೆದ ದಿನವೇ ಮಾಡಿಸಿ.