ಹೆಸರಿಗೆ ಮಸಿ ಬಳಿಯುವ ‘ಬಿಸ್ಮರ್ಚ್’: ಬಳಸುವುದು ಹೇಗೆ?

ಡಿಕ್ಷನರಿಯಲ್ಲಿ ‘ಬಿಸ್ಮರ್ಚ್’ ಹುಡುಕಿದರೆ ‘ಕಳಂಕ ಹಚ್ಚು’ ಎಂದಿರುತ್ತದೆ. ‘ಟಾರ್ನಿಶ್’ ಹುಡುಕಿದರೂ ಹೆಚ್ಚುಕಡಿಮೆ ಅದೇ. ನನ್ನ ಹತ್ತಿರ ಇಂಗ್ಲಿಷ್ ಕಲಿಯುವವರು ಜಾಸ್ತಿ ಎಡವುವುದು ಇಲ್ಲಿಯೇ. ಎರಡೂ ಒಂದಲ್ಲ.

ಮೊದಲು ಪದ ಬಾಯಿಗೆ ಬರಲಿ. ‘ಬಿ’ ಹಗುರ, ಒತ್ತು ‘ಸ್ಮರ್ಚ್’ ಮೇಲೆ. ಭೂತಕಾಲದಲ್ಲಿ ಕೊನೆಗೆ ‘ಇ, ಡಿ’ ಅಕ್ಷರ ಬರೆದರೂ ಹೇಳುವುದು ‘ಬಿಸ್ಮರ್ಚ್ಟ್’.

ಆಮೇಲೆ ಪದವನ್ನು ಬಿಡಿಸಿ ನೋಡಿ. ‘ಸ್ಮರ್ಚ್’ ಎಂದರೆ ಕೊಳೆ ಮಾಡು, ಮಸಿ ಹತ್ತಿಸು. ಮುಂದಿರುವ ‘ಬಿ’ ಅದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಸುಮಾರು 1600ರ ಹೊತ್ತಿಗೆ ಷೇಕ್ಸ್‌ಪಿಯರ್, ಮಳೆಯಲ್ಲಿ ನಡೆದು ಕೊಳೆಯಾದ ಸೈನಿಕರ ಉಡುಪಿಗೂ ಇದೇ ಪದ ಬಳಸಿದ್ದ. ಇವತ್ತು ಬಟ್ಟೆಗೆ ಬಳಸುವವರು ಕಡಿಮೆ, ಹೆಸರಿಗೇ ಹೆಚ್ಚು. ನಮ್ಮ ‘ಮಸಿ ಬಳಿ’ಯೂ ಹೀಗೇ ಅಲ್ವಾ? ಪಾತ್ರೆಯ ತಳದ ಮಸಿ ಮುಖಕ್ಕೆ ಬಂತು, ಮುಖದಿಂದ ಹೆಸರಿಗೆ ಬಂತು. ಇಷ್ಟು ಹತ್ತಿರದ ಜೋಡಿ ಎರಡು ಭಾಷೆಗಳ ನಡುವೆ ಸಿಕ್ಕಾಗ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ಈಗ ಮುಖ್ಯ ಪ್ರಶ್ನೆ: ಕಪ್ಪು ಹೇಗೆ ಬಂತು? ಬೆಳ್ಳಿ ದೀಪವನ್ನು ಬೀರುವಿನಲ್ಲಿ ಸುಮ್ನೆ ಇಟ್ಟರೂ ಅದು ಕಪ್ಪಾಗುತ್ತದೆ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿದರೆ ಸಾಕು. ಅದು ಟಾರ್ನಿಶ್. ‘ದಿ ಸಿಲ್ವರ್ ಟಾರ್ನಿಶ್ಡ್’ ಎಂದರೆ ವಾಕ್ಯ ಪೂರ್ತಿಯಾಯಿತು. ಬಿಸ್ಮರ್ಚ್‌ಗೆ ಅಷ್ಟು ಸಾಲದು. ಏನನ್ನು ಕೆಡಿಸಿದರು ಎಂದು ಹೇಳಲೇಬೇಕು. ಓದಿದವರಿಗೆ ಮಸಿ ಹಿಡಿದ ಕೈಯೊಂದು ಕಾಣಬೇಕು. ಅನ್ಯಾಯವಾಗಿ ಹೆಸರು ಕೆಡಿಸಿದರು ಎನ್ನುವಾಗ ಇದೇ ಸರಿಯಾದ ಪದ.

ವಾಕ್ಯ ಕಟ್ಟುವಾಗ ಈ ಕ್ರಿಯಾಪದದ ನಂತರ ನೇಮ್, ಆನರ್, ರೆಪ್ಯುಟೇಶನ್ ಇಂಥದ್ದನ್ನು ಇಡಿ. ‘ದೇ ಟ್ರೈಡ್ ಟು ಬಿಸ್ಮರ್ಚ್ ಹರ್ ಗುಡ್ ನೇಮ್’: ಅವರು ಆಕೆಯ ಒಳ್ಳೆಯ ಹೆಸರಿಗೆ ಮಸಿ ಬಳಿಯಲು ನೋಡಿದರು. ವ್ಯಕ್ತಿಯ ಬಗ್ಗೆಯೇ ಇಲ್ಲಸಲ್ಲದ್ದು ಹೇಳಿದರು ಎನ್ನಬೇಕಾದರೆ ‘ಮಲೈನ್’ ಚೆನ್ನಾಗಿ ಒಪ್ಪುತ್ತದೆ. ಅದರಲ್ಲಿ ‘ಜಿ’ ಅಕ್ಷರಕ್ಕೆ ಸದ್ದಿಲ್ಲ. ಬಿಸ್ಮರ್ಚ್ ಸ್ವಲ್ಪ ಗಂಭೀರ ಬರಹದ ಪದ. ಸ್ನೇಹಿತರ ಜೊತೆ ಹರಟುವಾಗ ಬೇಡ. ಲಾಯರ್ ನೋಟಿಸಿಗೂ ಬೇಡ, ಅಲ್ಲಿ ಬೇಕಾದದ್ದು ‘ಡಿಫೇಮ್’, ಅಂದರೆ ಮಾನನಷ್ಟ ಮಾಡು. ನಮ್ಮಲ್ಲಿ 2024ರ ಜುಲೈ 1ರಿಂದ ಮಾನನಷ್ಟದ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನಲ್ಲಿದೆ.

ಕೊನೆಗೆ ನೀವೇ ಮಾಡಿ ನೋಡಿ. ಒಬ್ಬ ಅಂಗಡಿಯವನು ಎಣ್ಣೆಗೆ ಕಲಬೆರಕೆ ಮಾಡಿ ಸಿಕ್ಕಿಬಿದ್ದ, ಅಂಗಡಿಯ ಹೆಸರು ಕೆಟ್ಟಿತು. ಇನ್ನೊಬ್ಬ ಯಾವ ತಪ್ಪೂ ಮಾಡಿರಲಿಲ್ಲ, ಎದುರಂಗಡಿಯವನು ಸುಳ್ಳು ಸುದ್ದಿ ಹಬ್ಬಿಸಿದ. ಮೊದಲನೆಯದಕ್ಕೆ ಟಾರ್ನಿಶ್ ಬರೆಯಿರಿ, ಎರಡನೆಯದಕ್ಕೆ ಬಿಸ್ಮರ್ಚ್.